ಮೆದುಳಿನ ಉಗ್ರ ಗಡ್ಡೆ: ಯಾವ ಆಪರೇಷನ್, ಯಾರಿಗೆ, ಎಲ್ಲಿ

ಎಂಆರ್‌ಐ ವರದಿಯ ಕೊನೆಯಲ್ಲಿ ‘ಹೈ ಗ್ರೇಡ್ ಗ್ಲಯೋಮಾ ಇರಬಹುದು’ (ಮೆದುಳಿನೊಳಗೇ ಹುಟ್ಟುವ ಉಗ್ರ ಗಡ್ಡೆ) ಎಂಬ ಸಾಲು ಬಂದರೆ ಮನೆಯವರಿಗೆ ಒಂದೇ ಪ್ರಶ್ನೆ ಕಾಣುತ್ತದೆ: ಆಪರೇಷನ್ ಮಾಡಿಸುವುದೋ ಬೇಡವೋ. ಆಯ್ಕೆಗಳು ಅಷ್ಟಕ್ಕೇ ಮುಗಿಯುವುದಿಲ್ಲ. ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗಷ್ಟೇ ಕಳಿಸಬಹುದು (ಬಯಾಪ್ಸಿ), ತಲೆಬುರುಡೆ ತೆರೆದು ಆದಷ್ಟು ಗಡ್ಡೆ ತೆಗೆಯಬಹುದು, ರೋಗಿಯನ್ನು ಎಚ್ಚರದಲ್ಲಿಟ್ಟು ಮಾತಾಡಿಸುತ್ತಲೇ ತೆಗೆಯಬಹುದು, ಗಡ್ಡೆ ಹೊಳೆಯುವಂತೆ ಮಾಡುವ ಔಷಧಿ ಕೊಟ್ಟು ತೆಗೆಯಬಹುದು. ಧಾರವಾಡ, ಗದಗ, ಹಾವೇರಿ ಕಡೆಯ ನಮ್ಮವರಿಗೆ ಹುಬ್ಬಳ್ಳಿಯಲ್ಲೇ ಮಾಡಿಸಬೇಕೋ ಬೆಂಗಳೂರಿಗೆ ಹೋಗಬೇಕೋ ಎಂಬುದು ಇದರ ಜೊತೆಗೇ ಬರುವ ಪ್ರಶ್ನೆ. ಯಾವುದು ಯಾರಿಗೆ ಹೊಂದುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಿದ್ದೇವೆ.

ದೊಡ್ಡವರಲ್ಲಿ ಮೆದುಳಿನೊಳಗೇ ಹುಟ್ಟುವ ಉಗ್ರ ಗಡ್ಡೆಗಳಲ್ಲಿ ಹೆಚ್ಚಿನ ಪಾಲು ಗ್ಲಯೋಬ್ಲಾಸ್ಟೋಮಾ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವಿಂಗಡಣೆಯಲ್ಲಿ ಇದು 4ನೇ ಗ್ರೇಡ್, ಅಂದರೆ ಅತ್ಯಂತ ಉಗ್ರ ದರ್ಜೆ. ಎಂಆರ್‌ಐನಲ್ಲಿ ಬೆಳ್ಳಗೆ ಕಾಣುವ ಅಂಚನ್ನು ದಾಟಿ ಇದರ ಜೀವಕೋಶಗಳು ಒಳ್ಳೆಯ ಮೆದುಳಿನೊಳಗೆ ನುಸುಳಿರುತ್ತವೆ. ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ ಇಂಥ ಗಡ್ಡೆಗೆ ಬಲಗಡೆಯ ಅರ್ಧ ಮೆದುಳನ್ನೇ ತೆಗೆದು 1928ರಲ್ಲಿ ವರದಿ ಮಾಡಿದರು. ಆದರೂ ರೋಗ ನಿಲ್ಲಲಿಲ್ಲ. ಹಾಗಾಗಿ ‘ಬೇರುಸಹಿತ ತೆಗೆದುಬಿಡಿ’ ಎಂದು ಸರ್ಜನ್ನರನ್ನು ಕೇಳಿಕೊಳ್ಳುವುದರಿಂದ ಪ್ರಯೋಜನವಿಲ್ಲ. ಆಪರೇಷನ್ನಿನಿಂದ ಆಗಬೇಕಾದದ್ದು ಇಷ್ಟು: ತಲೆಯೊಳಗಿನ ಒತ್ತಡ ಇಳಿಯಬೇಕು, ರೋಗದ ಹೆಸರು ಖಚಿತವಾಗಬೇಕು, ಮುಂದಿನ ರೇಡಿಯೇಷನ್ ಮತ್ತು ಮಾತ್ರೆಗೆ ಉಳಿಯುವ ಗಡ್ಡೆ ಆದಷ್ಟು ಸಣ್ಣದಾಗಿರಬೇಕು. ಇವೆಲ್ಲಕ್ಕೂ ಮೇಲಿನ ಷರತ್ತೊಂದಿದೆ. ರೋಗಿ ನಡೆದಾಡುತ್ತ, ಮಾತಾಡುತ್ತ ಮನೆಗೆ ಬರಬೇಕು. ಕೈಕಾಲು ಬಿದ್ದು ಹಾಸಿಗೆ ಹಿಡಿದವರು ಆರು ವಾರದ ರೇಡಿಯೇಷನ್ ತಡೆದುಕೊಳ್ಳುವುದು ಕಷ್ಟ. ಗಡ್ಡೆ ಪೂರ್ತಿ ತೆಗೆದು ಗಳಿಸಿದ್ದು ಅಲ್ಲೇ ಕೈತಪ್ಪುತ್ತದೆ. ಮುಂದೆ ಹೇಳುವ ಪ್ರತಿಯೊಂದು ಆಯ್ಕೆಯನ್ನೂ ನಾವು ಅಳೆದಿರುವುದು ಈ ಷರತ್ತಿನಿಂದಲೇ.

ಹೆಸರು ಖಚಿತವಾಗುವ ಮುನ್ನ

ಉಂಗುರದ ಹಾಗೆ ಬೆಳ್ಳಗೆ ಕಾಣುವುದೆಲ್ಲ ಗ್ಲಯೋಬ್ಲಾಸ್ಟೋಮಾ ಅಲ್ಲ. ಟಿಬಿ ಗಡ್ಡೆ, ಲಾಡಿಹುಳುವಿನಿಂದಾಗುವ ನ್ಯೂರೋಸಿಸ್ಟಿಸರ್ಕೋಸಿಸ್, ಸೋರುವ ಕಿವಿಯ ಸೋಂಕು ಮೆದುಳಿಗೇರಿ ಆದ ಕೀವುಗಡ್ಡೆ ಮೂರೂ ಎಂಆರ್‌ಐನಲ್ಲಿ ಹಾಗೇ ಕಾಣಬಹುದು, ಮತ್ತು ನಮ್ಮ ಕಡೆ ಮೂರೂ ಅಪರೂಪವಲ್ಲ. ಶ್ವಾಸಕೋಶ ಅಥವಾ ಸ್ತನದ ಕ್ಯಾನ್ಸರ್ ಮೆದುಳಿಗೆ ಹರಡಿದಾಗಲೂ ಅಷ್ಟೇ. ಆದ್ದರಿಂದ ಕಾಂಟ್ರಾಸ್ಟ್ (ಗಡ್ಡೆ ಎದ್ದು ಕಾಣುವಂತೆ ರಕ್ತನಾಳಕ್ಕೆ ಕೊಡುವ ಔಷಧಿ) ಕೊಟ್ಟು ತೆಗೆದ ಎಂಆರ್‌ಐ ಜೊತೆಗೆ ಡಿಫ್ಯೂಷನ್ ಚಿತ್ರ ಬೇಕು (ಕೀವು ಇದ್ದರೆ ಸಾಮಾನ್ಯವಾಗಿ ಇದರಲ್ಲಿ ಎದ್ದು ಕಾಣುತ್ತದೆ). ಸಾಧ್ಯವಾದರೆ ಗಡ್ಡೆಯ ರಕ್ತಸಂಚಾರ ತೋರಿಸುವ ಪರ್ಫ್ಯೂಷನ್ ಮತ್ತು ಅದರೊಳಗಿನ ರಾಸಾಯನಿಕ ತೋರಿಸುವ ಸ್ಪೆಕ್ಟ್ರೋಸ್ಕೋಪಿ ಕೂಡ ಇರಲಿ. ಒಂದಕ್ಕಿಂತ ಹೆಚ್ಚು ಗಡ್ಡೆ ಕಂಡರೆ ಎದೆ ಮತ್ತು ಹೊಟ್ಟೆಯ ಸಿಟಿ ಮಾಡಿಸದೆ ತಲೆಗೆ ಕೈ ಹಾಕಬಾರದು. ಎಚ್‌ಐವಿ ಪರೀಕ್ಷೆಯೂ ಆಗಿರಬೇಕು.

ಸ್ಕ್ಯಾನ್ ಸೆಂಟರ್‌ನಿಂದ ಹೊರಡುವಾಗ ಫಿಲ್ಮ್ ಹಾಳೆಗಳಷ್ಟೇ ಸಾಲದು. ಡೈಕಾಮ್ (ಕಂಪ್ಯೂಟರ್ ಓದುವ ಮೂಲ ಚಿತ್ರ) ರೂಪದ ಸಿಡಿ ಅಥವಾ ಪೆನ್‌ಡ್ರೈವ್ ಕೇಳಿ ಪಡೆಯಿರಿ. ಗಡ್ಡೆ ಎಲ್ಲಿದೆಯೆಂದು ಸರ್ಜನ್ನರಿಗೆ ದಾರಿ ತೋರಿಸುವ, ಆಪರೇಷನ್ ಥಿಯೇಟರಿನ ನ್ಯಾವಿಗೇಷನ್ ಯಂತ್ರ ಫಿಲ್ಮನ್ನು ಓದುವುದಿಲ್ಲ. ಅದಕ್ಕೆ ಸುಮಾರು 1 ಮಿ.ಮೀ. ದಪ್ಪದ, ನಡುವೆ ಅಂತರವಿಲ್ಲದ ಚಿತ್ರಗಳು ಬೇಕು. 5 ಮಿ.ಮೀ. ಬಿಟ್ಟು ಬಿಟ್ಟು ತೆಗೆದ ಸ್ಕ್ಯಾನ್ ಇದ್ದರೆ ಇನ್ನೊಮ್ಮೆ ತೆಗೆಸಬೇಕಾಗುತ್ತದೆ. ಹಣವೂ ಹೋಗುತ್ತದೆ, ದಿನವೂ ಹೋಗುತ್ತದೆ.

ಇನ್ನೊಂದು ವಿಷಯ ಡೆಕ್ಸಾಮೆಥಾಸೋನ್. ಮೆದುಳಿನ ಬಾವು ಇಳಿಸುವ ಈ ಸ್ಟಿರಾಯ್ಡ್ ಒಂದೆರಡು ದಿನದಲ್ಲೇ ತಲೆನೋವು, ವಾಂತಿ, ಕೈಯ ದೌರ್ಬಲ್ಯ ಕಡಿಮೆ ಮಾಡುತ್ತದೆ. ಹಾಗಾಗಿ ಎಲ್ಲರೂ ಬೇಗ ಶುರು ಮಾಡುತ್ತಾರೆ. ಆದರೆ ಚಿತ್ರ ಲಿಂಫೋಮಾದಂತೆ (ಬಿಳಿ ರಕ್ತಕಣಗಳ ಕ್ಯಾನ್ಸರ್) ಕಂಡರೆ, ಜೀವಕ್ಕೆ ಅಪಾಯವಿಲ್ಲದಿದ್ದಲ್ಲಿ, ಬಯಾಪ್ಸಿ ಆಗುವವರೆಗೆ ಅದನ್ನು ತಡೆಹಿಡಿಯಬೇಕು. ಲಿಂಫೋಮಾ ಸ್ಟಿರಾಯ್ಡಿಗೆ ಕರಗಿಬಿಡಬಹುದು, ಬಯಾಪ್ಸಿಯಲ್ಲಿ ಏನೂ ಸಿಗದೇ ಹೋಗಬಹುದು. ಲಿಂಫೋಮಾಕ್ಕೆ ದೊಡ್ಡ ಆಪರೇಷನ್ ಬೇಕಾಗುವುದೂ ಅಪರೂಪ. ಚಿಕಿತ್ಸೆಯ ದಾರಿಯೇ ಬೇರೆ. ಸ್ಟಿರಾಯ್ಡ್ ಶುರುವಾದವರ ಸಕ್ಕರೆ ಪ್ರಮಾಣವನ್ನು ದಿನವೂ ನೋಡಬೇಕು, ಹೊಟ್ಟೆ ಕಾಯುವ ಮಾತ್ರೆ ಜೊತೆಗಿರಬೇಕು. ಎರಡನೇ ಡೋಸನ್ನು ರಾತ್ರಿ ಕೊಡದೆ ಮಧ್ಯಾಹ್ನ ಕೊಟ್ಟರೆ ನಿದ್ದೆ ಕೆಡುವುದು ತಪ್ಪುತ್ತದೆ. ‘ಈಗ ಆರಾಮಾಗಿದೆ’ ಎಂದು ಒಮ್ಮೆಲೇ ನಿಲ್ಲಿಸುವುದು ಅಪಾಯ. ಹಂತಹಂತವಾಗಿ ಇಳಿಸಬೇಕು.

ಬಯಾಪ್ಸಿಯೋ, ಗಡ್ಡೆ ತೆಗೆಯುವುದೋ

ಮೊದಲ ಕವಲು ಇದು. ಸ್ಟೀರಿಯೋಟ್ಯಾಕ್ಟಿಕ್ ಬಯಾಪ್ಸಿಯಲ್ಲಿ ತಲೆಗೆ ಲೋಹದ ಚೌಕಟ್ಟು ಬಿಗಿದು, ಇಲ್ಲವೇ ನ್ಯಾವಿಗೇಷನ್ ಸಹಾಯದಿಂದ, ಬುರುಡೆಯಲ್ಲಿ ಸಣ್ಣ ತೂತು ಮಾಡಿ ಸೂಜಿ ಇಳಿಸುತ್ತಾರೆ. ಹಲವು ಬಾರಿ ಆ ಜಾಗಕ್ಕಷ್ಟೇ ಮರಗಟ್ಟಿಸಿ ಮಾಡಿ ಮುಗಿಸುತ್ತಾರೆ. ಎಲ್ಲ ಸರಿಯಿದ್ದರೆ ಒಂದೆರಡು ದಿನದಲ್ಲಿ ಮನೆ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಸಲ ಉತ್ತರ ಸಿಗುತ್ತದೆ. ಉತ್ತರ ಸಿಗದಿದ್ದರೆ ಸಾಮಾನ್ಯ ಕಾರಣ, ಸೂಜಿ ಗಡ್ಡೆಯ ನಡುವಿನ ಸತ್ತ ಭಾಗಕ್ಕೆ ಹೋಗಿರುವುದು. ಅದಕ್ಕೇ ಬೆಳ್ಳಗೆ ಕಾಣುವ ಅಂಚಿನಿಂದಲೂ ಚೂರು ತೆಗೆದು, ಥಿಯೇಟರಿನಿಂದಲೇ ಫ್ರೋಜನ್ ಸೆಕ್ಷನ್‌ಗೆ (ಚೂರನ್ನು ಹೆಪ್ಪುಗಟ್ಟಿಸಿ ಕೂಡಲೇ ನೋಡುವ ಪರೀಕ್ಷೆ) ಕಳಿಸಿ, ‘ಗಡ್ಡೆಯ ಅಂಶ ಸಿಕ್ಕಿದೆ’ ಎಂಬ ಉತ್ತರ ಬಂದ ಮೇಲೆ ಹೊಲಿಗೆ ಹಾಕುವುದು ಒಳ್ಳೆಯ ಕ್ರಮ. ಬಯಾಪ್ಸಿಯ ದೊಡ್ಡ ಭಯ ರಕ್ತಸ್ರಾವ. ನೂರರಲ್ಲಿ ಕೆಲವೇ ಜನರಿಗೆ ಆಗುತ್ತದೆ. ಆದರೆ ಆಳದಲ್ಲಿ ಆದರೆ ಒತ್ತಿ ನಿಲ್ಲಿಸಲು ಕೈ ಎಟುಕುವುದಿಲ್ಲ.

ತಲೆಬುರುಡೆ ತೆರೆದು ಗಡ್ಡೆ ತೆಗೆಯುವುದು ಕ್ರೇನಿಯಾಟಮಿ. ಪೂರ್ತಿ ಅರಿವಳಿಕೆ, ಸಾಮಾನ್ಯವಾಗಿ 3ರಿಂದ 6 ಗಂಟೆ, ಒಂದು ರಾತ್ರಿ ಐಸಿಯು, ತೊಂದರೆಯಾಗದಿದ್ದರೆ ವಾರದೊಳಗೆ ಡಿಸ್ಚಾರ್ಜ್. ಎಷ್ಟು ತೆಗೆದರೆ ಲಾಭ? 2001ರಲ್ಲಿ ಪ್ರಕಟವಾದ, 416 ರೋಗಿಗಳ ಅಧ್ಯಯನದಲ್ಲಿ ಕಾಣುವ ಗಡ್ಡೆಯ ಶೇ. 98ರಷ್ಟಾದರೂ ಹೋದವರ ಸರಾಸರಿ ಆಯುಸ್ಸು (ಮಧ್ಯಾಂಕ, ಅಂದರೆ ಅರ್ಧದಷ್ಟು ಜನ ಇದನ್ನು ದಾಟಿ ಬದುಕಿದರು) 13 ತಿಂಗಳು, ಅದಕ್ಕಿಂತ ಕಡಿಮೆ ಹೋದವರದು 8.8 ತಿಂಗಳು. 2011ರ ಇನ್ನೊಂದು ಅಧ್ಯಯನ 500 ರೋಗಿಗಳನ್ನು ನೋಡಿ, ಶೇ. 78ರಿಂದಲೇ ಲಾಭ ಶುರುವಾಗುತ್ತದೆ, ಅಲ್ಲಿಂದ ಮೇಲಕ್ಕೆ ಹೆಚ್ಚುತ್ತ ಹೋಗುತ್ತದೆ ಎಂದಿತು. ಎರಡೂ ಹಿಂದಿರುಗಿ ನೋಡಿ ಬರೆದ ಲೆಕ್ಕಗಳು. ತೆಗೆಯಲು ಸುಲಭವಾದ ಜಾಗದ ಗಡ್ಡೆಯವರು ಮೊದಲೇ ಸ್ವಲ್ಪ ಅದೃಷ್ಟವಂತರು ಎಂಬುದು ಅವುಗಳಲ್ಲಿ ಬೆರೆತಿದೆ. ಆದರೂ ದಿಕ್ಕು ಸ್ಪಷ್ಟ: ಸುರಕ್ಷಿತವಾಗಿ ತೆಗೆಯಬಹುದಾದದ್ದನ್ನು ಬಿಟ್ಟು ಬರಬಾರದು.

ಇದರಿಂದ ಯಾರಿಗೆ ಯಾವುದೆಂದು ಹೇಳಬಹುದು. ಹಣೆಯ ಹಿಂದಿನ ಮುಂಭಾಗ, ತಲೆಯ ಬಲ ಪಕ್ಕ, ಮೇಲ್ಮೈಗೆ ಹತ್ತಿರ ಇರುವ ಒಂದೇ ಗಡ್ಡೆ, ಮತ್ತು ತನ್ನ ಕೆಲಸ ತಾನು ಮಾಡಿಕೊಳ್ಳುವ ರೋಗಿ: ಇಲ್ಲಿ ಬಯಾಪ್ಸಿಗೆ ತೃಪ್ತಿಪಡುವುದು ತಪ್ಪು. ‘ಮೊದಲು ಬಯಾಪ್ಸಿ, ಆಮೇಲೆ ನೋಡೋಣ’ ಎಂದು ಯಾರಾದರೂ ಅಂದರೆ ಕಾರಣ ಕೇಳಿ, ಎರಡನೇ ಅಭಿಪ್ರಾಯ ಪಡೆಯಿರಿ. ಮೆದುಳಿನ ಆಳದಲ್ಲಿರುವ ಥಲಾಮಸ್, ಮೆದುಳಿನ ಕಾಂಡ, ಎರಡೂ ಅರ್ಧಗಳಿಗೆ ಚಿಟ್ಟೆಯ ರೆಕ್ಕೆಯಂತೆ ಹರಡಿದ ಗಡ್ಡೆ, ಅಲ್ಲಲ್ಲಿ ಹಲವು ಗಡ್ಡೆಗಳು, ಈಗಾಗಲೇ ದಿನದ ಹೆಚ್ಚು ಹೊತ್ತು ಮಲಗೇ ಇರುವ ರೋಗಿ: ಇಲ್ಲಿ ಬಯಾಪ್ಸಿಯೇ ಸರಿಯಾದ ಆಯ್ಕೆ. ಅದನ್ನು ‘ಡಾಕ್ಟರು ಕೈಬಿಟ್ಟರು’ ಎಂದು ತಿಳಿಯಬೇಕಿಲ್ಲ.

ಎರಡರ ನಡುವೆ ಬೀಳುವ ‘ಸ್ವಲ್ಪ ತೆಗೆಯುವ’ ಆಪರೇಷನ್ನಿನ ಬಗ್ಗೆ ಎಚ್ಚರ ಬೇಕು. ಗಡ್ಡೆಯ ಅರ್ಧ ತೆಗೆದು ಅರ್ಧ ಬಿಟ್ಟರೆ ಉಳಿದ ಅರ್ಧ ಬಾತು ರಕ್ತ ಸುರಿಸಬಹುದು, ಮೊದಲ 24 ಗಂಟೆಯಲ್ಲೇ ರೋಗಿಯ ಪ್ರಜ್ಞೆ ಇಳಿಯಬಹುದು. ಬಾವಿನಿಂದ ಜೀವಕ್ಕೆ ಒತ್ತಡ ಬಂದಾಗ ಇದು ಅನಿವಾರ್ಯವಾಗುತ್ತದೆ, ಒಪ್ಪೋಣ. ಮೊದಲೇ ‘ಅರ್ಧ ಮಾತ್ರ ಬರುತ್ತೆ’ ಎಂದು ಗೊತ್ತಿದ್ದು, ಒತ್ತಡವೂ ಇಲ್ಲದಿದ್ದರೆ ಬಯಾಪ್ಸಿಯೇ ಮೇಲು.

ಆಪರೇಷನ್ ನಿಗದಿಯಾದ ಕೂಡಲೇ ಹೇಳಬೇಕಾದ ವಿಷಯ: ಹೃದಯಕ್ಕೆಂದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುತ್ತಿದ್ದರೆ. ಸಾಮಾನ್ಯವಾಗಿ 5ರಿಂದ 7 ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಆದರೆ ಸ್ಟೆಂಟ್ ಹಾಕಿಸಿಕೊಂಡವರು ಹೃದಯ ವೈದ್ಯರನ್ನು ಕೇಳದೆ ತಾವಾಗಿ ನಿಲ್ಲಿಸಬಾರದು. ಭರ್ತಿಯ ದಿನ ಈ ಮಾತು ಹೊರಬಂದು ಆಪರೇಷನ್ ಮುಂದೆ ಹೋಗುವುದು ತಪ್ಪಿಸಬಹುದಾದ ನಷ್ಟ.

ಎಚ್ಚರದಲ್ಲಿಟ್ಟು ಮಾಡುವ ಆಪರೇಷನ್

ಗಡ್ಡೆ ಎಡಗಡೆಯ ಮಾತಿನ ಜಾಗಕ್ಕೆ ಅಥವಾ ಕೈಕಾಲು ಆಡಿಸುವ ಪಟ್ಟಿಗೆ ತಾಗಿದ್ದರೆ ಈ ಪ್ರಶ್ನೆ ಬರುತ್ತದೆ. ಕೇಳಿದ ಕೂಡಲೇ ಹೆದರುವವರೇ ಹೆಚ್ಚು, ಆದ್ದರಿಂದ ಒಳಗೆ ಏನಾಗುತ್ತದೆ ಎಂದು ವಿವರವಾಗಿ ಹೇಳುವುದು ಅಗತ್ಯ. ನೆತ್ತಿಯ ಚರ್ಮದ ನರಗಳಿಗೆಲ್ಲ ಮರಗಟ್ಟುವ ಇಂಜೆಕ್ಷನ್ ಕೊಟ್ಟಿರುತ್ತಾರೆ. ಬುರುಡೆ ತೆರೆಯುವಾಗ ರೋಗಿ ಮಂಪರಿನಲ್ಲಿರುತ್ತಾರೆ. ಮೆದುಳಿನ ಮೇಲ್ಮೈಗೆ ಮುಟ್ಟಿದ ನೋವು ಗೊತ್ತಾಗುವುದಿಲ್ಲ. ಆಮೇಲೆ ಎಬ್ಬಿಸಿ ಚಿತ್ರಗಳನ್ನು ತೋರಿಸುತ್ತ, ಎರಡು ತುದಿಯ ಸಣ್ಣ ಕಡ್ಡಿಯಿಂದ ಕೆಲವೇ ಮಿಲಿಆಂಪ್ ವಿದ್ಯುತ್ತನ್ನು ಒಂದೊಂದು ಜಾಗಕ್ಕೆ ಮುಟ್ಟಿಸುತ್ತಾರೆ. ‘ಇದು ಚಕ್ಕಡಿ’ ಎನ್ನುತ್ತಿದ್ದವರು ‘ಇದು…’ ಎಂದು ಅಲ್ಲೇ ತಡೆದರೆ ಆ ಜಾಗದಲ್ಲಿ ಅಂಕಿ ಬರೆದ ಪುಟ್ಟ ಚೀಟಿ ಇಡುತ್ತಾರೆ. ಆ ಚೀಟಿಯ ಜಾಗವನ್ನು ಮುಟ್ಟುವಂತಿಲ್ಲ. ಕೆಳಗೆ ಗಡ್ಡೆ ತೆಗೆಯುತ್ತ ಹೋದಂತೆ ಮಾತು, ಎಣಿಕೆ, ಮುಷ್ಟಿ ಬಿಗಿದು ಬಿಡುವುದು ನಡೆದೇ ಇರುತ್ತದೆ. ತೊದಲಿದರೆ ಅಥವಾ ಕೈ ಸೋತರೆ ಸರ್ಜನ್ ಅಲ್ಲಿಗೇ ನಿಲ್ಲುತ್ತಾರೆ.

ಹೀಗೆ ವಿದ್ಯುತ್ತಿನಿಂದ ಗುರುತು ಮಾಡಿಕೊಂಡು ಮಾಡಿದ ಆಪರೇಷನ್ನುಗಳ ಲಾಭ ಸಣ್ಣದಲ್ಲ. 90 ಅಧ್ಯಯನಗಳ 8,091 ರೋಗಿಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಕಡೆಯವರೆಗೆ ಉಳಿಯುವ ತೀವ್ರ ನರದೌರ್ಬಲ್ಯ ಗುರುತು ಮಾಡಿಕೊಂಡಲ್ಲಿ ಶೇ. 3.4, ಮಾಡಿಕೊಳ್ಳದಲ್ಲಿ ಶೇ. 8.2.

ಎಲ್ಲಿ ಕೆಡುತ್ತದೆ? ವಿದ್ಯುತ್ ಮುಟ್ಟಿಸಿದಾಗ ಮೇಜಿನ ಮೇಲೇ ಫಿಟ್ಸ್ ಬರಬಹುದು. ಮೆದುಳಿನ ಮೇಲೆ ಐಸ್‌ನಂತೆ ತಣ್ಣನೆಯ ಸಲೈನ್ ಸುರಿದು ನಿಲ್ಲಿಸುತ್ತಾರೆ. ಹಿಂದಿನ ದಿನದ ಫಿಟ್ಸ್ ಮಾತ್ರೆ ತಪ್ಪಿಸಿದ್ದರೆ ಈ ಸಂಭವ ಹೆಚ್ಚು. ತುಂಬ ದಪ್ಪ ಇರುವವರು, ರಾತ್ರಿ ಗೊರಕೆಯಲ್ಲಿ ಉಸಿರು ನಿಲ್ಲುವವರು, ಸದಾ ಕೆಮ್ಮುವವರಿಗೆ ಇದು ಹೊಂದುವುದಿಲ್ಲ. ಕೆಮ್ಮಿದಾಗ ಮೆದುಳು ತೆರೆದ ಬುರುಡೆಯಿಂದ ಉಬ್ಬಿ ಬರುತ್ತದೆ. ನಮ್ಮ ಭಾಗದಲ್ಲಿ ವಿಶೇಷವಾಗಿ ನೋಡಬೇಕಾದ್ದು ಗುಟ್ಕಾ. ವರ್ಷಗಟ್ಟಲೆ ಗುಟ್ಕಾ, ತಂಬಾಕು-ಅಡಿಕೆ ಜಗಿದು ಬಾಯಿ ಎರಡು ಬೆರಳು ಕೂಡ ಹಿಡಿಸದಷ್ಟು ಬಿಗಿದಿದ್ದರೆ, ನಡುವೆ ಉಸಿರಾಟ ಕೆಟ್ಟಾಗ ಗಂಟಲಿಗೆ ನಳಿಕೆ ಹಾಕುವುದು ಬಹಳ ಕಷ್ಟ. ಅರಿವಳಿಕೆ ವೈದ್ಯರಿಗೆ ಇದನ್ನು ಮುಚ್ಚಿಡಬೇಡಿ, ಚಟ ಬಿಟ್ಟು ಎಷ್ಟು ವರ್ಷವಾಗಿದ್ದರೂ ಹೇಳಿ. ಆಗಲೇ ಅರ್ಧಕ್ಕರ್ಧ ಮಾತು ಹೋಗಿರುವವರಲ್ಲಿ ಪರೀಕ್ಷಿಸಲು ಮಾತೇ ಉಳಿದಿರುವುದಿಲ್ಲ. ಅಂಥವರಿಗೆ ಕೆಲವು ದಿನ ಸ್ಟಿರಾಯ್ಡ್ ಕೊಟ್ಟು ನೋಡಿ, ಮಾತು ಮರಳಿದರೆ ಮುಂದುವರಿಯಬಹುದು.

ಹಿಂದಿನ ದಿನದ ತಯಾರಿಯನ್ನು ಹಗುರವಾಗಿ ಕಾಣಬಾರದು. ತೋರಿಸುವ ಚಿತ್ರಗಳನ್ನೆಲ್ಲ ರೋಗಿ ಮೊದಲೇ ನೋಡಿ, ತನ್ನ ಮನೆಯ ಮಾತಿನಲ್ಲಿ ಹೆಸರು ಹೇಳಿ, ಅದನ್ನು ಬರೆದಿಟ್ಟುಕೊಂಡಿರಬೇಕು. ರೋಣದ ರೈತರು ಉಳ್ಳಾಗಡ್ಡಿ, ಚರಗಿ, ಕಸಬರಗಿ ಎನ್ನುತ್ತಾರೆ. ಪರೀಕ್ಷೆ ಮಾಡುವವರ ಪಟ್ಟಿಯಲ್ಲಿ ಈರುಳ್ಳಿ, ಚೊಂಬು, ಪೊರಕೆ ಇದ್ದರೆ ಸರಿ ಉತ್ತರವನ್ನೇ ತಪ್ಪೆಂದು ಎಣಿಸುವ ಅಪಾಯವಿದೆ. ಹೇಳಲಾಗದ ಚಿತ್ರಗಳನ್ನು ಆಗಲೇ ತೆಗೆದುಹಾಕಬೇಕು. ಮನೆಯಲ್ಲಿ ಉರ್ದು ಅಥವಾ ಮರಾಠಿ, ಹೊರಗೆ ಕನ್ನಡ ಆಡುವವರಿಗೆ ಎರಡೂ ಭಾಷೆಯಲ್ಲಿ ಪರೀಕ್ಷಿಸಬೇಕು. ಎರಡು ಭಾಷೆಯ ಜಾಗಗಳು ಮೆದುಳಿನಲ್ಲಿ ಪೂರ್ತಿ ಒಂದೇ ಆಗಿರಬೇಕೆಂದಿಲ್ಲ. ಆಸ್ಪತ್ರೆಯವರು ಇದನ್ನು ಕೇಳದಿದ್ದರೆ ನೀವೇ ಹೇಳಿ.

ಬರೀ ಕೈಕಾಲಿನ ಪಟ್ಟಿಗೆ ಹತ್ತಿರ ಇದ್ದರೆ ಎಚ್ಚರ ಬೇಕೇಬೇಕೆಂದಿಲ್ಲ. ನಿದ್ದೆಯಲ್ಲೇ ವಿದ್ಯುತ್ ಕೊಟ್ಟು ಸ್ನಾಯುಗಳಿಂದ ಉತ್ತರ ಅಳೆಯುವ ಮಾನಿಟರಿಂಗ್ ಇದೆ. ಮಾತಿಗೆ ಮಾತ್ರ ಬೇರೆ ದಾರಿಯಿಲ್ಲ.

ಯಂತ್ರ ಮತ್ತು ಬಣ್ಣ: ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕು

ನ್ಯೂರೋನ್ಯಾವಿಗೇಷನ್ ಇದ್ದರೆ ಚರ್ಮವನ್ನು ಎಲ್ಲಿ ಕೊಯ್ಯಬೇಕು, ಬುರುಡೆ ಎಷ್ಟು ತೆರೆಯಬೇಕು ಎಂಬುದು ನಿಖರವಾಗುತ್ತದೆ. ಆದರೆ ಅದು ತೋರಿಸುವುದು ಆಪರೇಷನ್ನಿಗೆ ಮುಂಚಿನ ಚಿತ್ರ. ಮೆದುಳಿನ ಹೊದಿಕೆ ತೆರೆದು ದ್ರವ ಹರಿದುಹೋಗಿ ಗಡ್ಡೆ ಖಾಲಿಯಾಗುತ್ತ ಬಂದಂತೆ ಮೆದುಳು ಜಾರುತ್ತದೆ, ಕೆಲವೊಮ್ಮೆ ಸೆಂಟಿಮೀಟರಿನಷ್ಟು. ಕೊನೆಯ ಚೂರು ಹುಡುಕುವಾಗ, ಅಂದರೆ ಬಹಳ ಬೇಕಾದಾಗಲೇ, ಅದನ್ನು ನಂಬುವಂತಿಲ್ಲ. ಆ ಕೊರತೆಯನ್ನು ತಕ್ಕಮಟ್ಟಿಗೆ ತುಂಬುವುದು ಥಿಯೇಟರಿನ ಅಲ್ಟ್ರಾಸೌಂಡ್. ಅದು ಆ ಕ್ಷಣದ್ದನ್ನು ತೋರಿಸುತ್ತದೆ, ಖರ್ಚೂ ಕಡಿಮೆ. ಕೊನೆಗೆ ರಕ್ತ ಮತ್ತು ಗಾಳಿ ಸೇರಿದಾಗ ಚಿತ್ರ ಮಬ್ಬಾಗುತ್ತದೆ, ಓದಲು ಪಳಗಿದ ಕಣ್ಣು ಬೇಕು.

5-ಎಎಲ್‌ಎ ಎಂಬುದು ನೀರಿನಲ್ಲಿ ಕಲಸಿ ಕುಡಿಸುವ ಪುಡಿ. ಕಿಲೋ ತೂಕಕ್ಕೆ 20 ಮಿ.ಗ್ರಾಂ. ಲೆಕ್ಕ, 60 ಕಿಲೋದವರಿಗೆ 1,200 ಮಿ.ಗ್ರಾಂ. ಅರಿವಳಿಕೆಗೆ ಸುಮಾರು 3 ಗಂಟೆ ಮೊದಲು ಕುಡಿಸುತ್ತಾರೆ. ಮೈಕ್ರೋಸ್ಕೋಪಿನ ನೀಲಿ ಬೆಳಕಿನಲ್ಲಿ ಗಡ್ಡೆ ಕೆಂಪಾಗಿ, ಅಂಚು ತಿಳಿ ಗುಲಾಬಿಯಾಗಿ ಹೊಳೆಯುತ್ತದೆ, ಒಳ್ಳೆಯ ಮೆದುಳು ನೀಲಿಯಾಗೇ ಉಳಿಯುತ್ತದೆ. ಜರ್ಮನಿಯ ಸ್ಟುಮ್ಮರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾಣುವ ಗಡ್ಡೆ ಪೂರ್ತಿ ಹೋದವರು ಇದನ್ನು ಕುಡಿದವರಲ್ಲಿ ಶೇ. 65, ಬಿಳಿ ಬೆಳಕಿನಲ್ಲಷ್ಟೇ ಮಾಡಿದವರಲ್ಲಿ ಶೇ. 36. ಆರು ತಿಂಗಳವರೆಗೆ ರೋಗ ಬೆಳೆಯದೆ ಇದ್ದವರು ಶೇ. 41 ಮತ್ತು ಶೇ. 21. ಇದರ ತೊಡಕುಗಳು: ಪುಡಿ ದುಬಾರಿ, ಮೈಕ್ರೋಸ್ಕೋಪಿಗೆ ನೀಲಿ ಬೆಳಕಿನ ವ್ಯವಸ್ಥೆ ಇರಲೇಬೇಕು, ಮತ್ತು ಕುಡಿದ ಮೇಲೆ ಕನಿಷ್ಠ 24 ಗಂಟೆ ಚರ್ಮಕ್ಕೂ ಕಣ್ಣಿಗೂ ಬಿಸಿಲು, ಪ್ರಖರ ದೀಪ ಬೀಳಬಾರದು. ವಾರ್ಡಿನ ಕಿಟಕಿಗೆ ಪರದೆ ಎಳೆದಿರಲಿ. ಆಪರೇಷನ್ ಮುಂದಕ್ಕೆ ಹೋಗಿ ರೋಗಿ ಹೊರಗೆ ಬಿಸಿಲಿನಲ್ಲಿ ಅಡ್ಡಾಡಿದರೆ ಚರ್ಮ ಸುಟ್ಟಂತಾಗುತ್ತದೆ. ಪಾರ್ಫೈರಿಯಾ (ರಕ್ತದ ಕೆಂಪು ಬಣ್ಣ ತಯಾರಾಗುವುದರಲ್ಲಿ ದೋಷವಿರುವ ಅಪರೂಪದ ರೋಗ) ಇರುವವರಿಗೆ ಕೊಡುವಂತಿಲ್ಲ.

ಫ್ಲೋರೆಸಿನ್ ಇದಕ್ಕಿಂತ ತುಂಬ ಅಗ್ಗದ್ದು; ಕಣ್ಣಿನ ಆಸ್ಪತ್ರೆಗಳಲ್ಲಿ ರೆಟಿನಾ ಪರೀಕ್ಷೆಗೆ ಬಳಸುವ ಬಣ್ಣವೇ. ಕಿಲೋಗೆ 3ರಿಂದ 5 ಮಿ.ಗ್ರಾಂ. ರಕ್ತನಾಳಕ್ಕೆ ಕೊಟ್ಟು, ಹಳದಿ ಫಿಲ್ಟರ್ ಇರುವ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಮರುದಿನ ಮೂತ್ರ ಗಾಢ ಹಳದಿ ಬಂದರೆ ಗಾಬರಿಯಾಗಬೇಕಿಲ್ಲ. ಇದು ಗಡ್ಡೆಯ ಜೀವಕೋಶದೊಳಗೆ ಸೇರಿ ಹೊಳೆಯುವುದಲ್ಲ, ರಕ್ತನಾಳ ಸೋರುವ ಕಡೆಯೆಲ್ಲ ನಿಲ್ಲುತ್ತದೆ. ಹಾಗಾಗಿ ಕತ್ತರಿಸಿದ ಅಂಚು, ಬಾವಿನ ಜಾಗ ಕೂಡ ಹಳದಿಯಾಗಿ ಮೋಸ ಮಾಡಬಹುದು. ಆದರೂ 5-ಎಎಲ್‌ಎಗೆ ಹಣ ಹೊಂದಿಸಲಾಗದ ಕುಟುಂಬ ಇದರಿಂದ ದೊಡ್ಡದೇನನ್ನೋ ಕಳೆದುಕೊಂಡೆವೆಂದು ಕೊರಗಬೇಕಿಲ್ಲ. ಇದನ್ನು ಬಳಸಿ ಪಳಗಿದ ಸರ್ಜನ್, ಪುಡಿ ತರಿಸಿಟ್ಟೂ ಅಪರೂಪಕ್ಕೆ ಬಳಸುವವರಿಗಿಂತ ಮೇಲು.

ಆಪರೇಷನ್ ನಡುವೆಯೇ ಎಂಆರ್‌ಐ ತೆಗೆಯುವ ಥಿಯೇಟರುಗಳು ದೇಶದಲ್ಲಿ ಕೆಲವೇ ಇವೆ. ಅದಕ್ಕಾಗಿ ವಾರಗಟ್ಟಲೆ ಸರದಿ ಕಾಯುವುದನ್ನು ನಾವು ಒಪ್ಪುವುದಿಲ್ಲ. ಈ ಗಡ್ಡೆ ಅಷ್ಟು ಕಾಯುವುದಿಲ್ಲ.

‘ತಲೆ ಕೊಯ್ಯದೆ ಗಾಮಾ ನೈಫ್‌ನಲ್ಲಿ (ಹೊರಗಿನಿಂದ ಒಂದೇ ಗುರಿಗೆ ವಿಕಿರಣ ಹಾಯಿಸುವ ಯಂತ್ರ) ಆಗಲ್ವಾ?’ ಎಂದು ಬಹಳ ಜನ ಕೇಳುತ್ತಾರೆ. ಆಗುವುದಿಲ್ಲ. ಅಂಚು ಸ್ಪಷ್ಟವಾಗಿರುವ ಸಣ್ಣ ಗಡ್ಡೆಗೆ, ಹರಡಿ ಬಂದ ಕ್ಯಾನ್ಸರಿನ ಸಣ್ಣ ಗಂಟುಗಳಿಗೆ ಅದು ಒಳ್ಳೆಯದು. ಗ್ಲಯೋಬ್ಲಾಸ್ಟೋಮಾಕ್ಕೆ ಅಂಚೇ ಇಲ್ಲ. ಮಾಮೂಲಿ ರೇಡಿಯೇಷನ್ನಿಗೆ ಇಂಥ ಒಂದೇ ಗುರಿಯ ಚಿಕಿತ್ಸೆ ಸೇರಿಸಿ ನೋಡಿದ ಪ್ರಯೋಗದಲ್ಲೂ ಆಯುಸ್ಸು ಹೆಚ್ಚಲಿಲ್ಲ.

ಹುಬ್ಬಳ್ಳಿಯೋ, ಬೆಂಗಳೂರೋ

ಇಲ್ಲಿ ಲೆಕ್ಕ ಹಾಕಬೇಕಾದ್ದು ಆಪರೇಷನ್ನಿನ ಒಂದು ವಾರವನ್ನಲ್ಲ, ಅದರ ನಂತರದ ಆರು ವಾರಗಳನ್ನು. ಆಪರೇಷನ್ ಆಗಿ 3ರಿಂದ 6 ವಾರದೊಳಗೆ ರೇಡಿಯೇಷನ್ (ನಮ್ಮ ಕಡೆ ಜನ ‘ಕರೆಂಟ್ ಕೊಡೋದು’ ಎನ್ನುವುದು) ಶುರುವಾಗಬೇಕು. ವಾರಕ್ಕೆ 5 ದಿನದಂತೆ 30 ಸಲ, ಒಟ್ಟು 60 ಗ್ರೇ (ವಿಕಿರಣದ ಅಳತೆ). ಜೊತೆಗೆ ಅಷ್ಟೂ ದಿನ ಟೆಮೊಜೊಲೊಮೈಡ್ ಎಂಬ ಕ್ಯಾನ್ಸರ್ ಮಾತ್ರೆ, ದೇಹದ ಮೇಲ್ಮೈಯ ಚದರ ಮೀಟರಿಗೆ 75 ಮಿ.ಗ್ರಾಂ. 2005ರಲ್ಲಿ ಪ್ರಕಟವಾದ 573 ರೋಗಿಗಳ ಪ್ರಯೋಗದಲ್ಲಿ ಈ ಜೋಡಿ ಚಿಕಿತ್ಸೆ ಪಡೆದವರ ಸರಾಸರಿ ಆಯುಸ್ಸು (ಮಧ್ಯಾಂಕ) 14.6 ತಿಂಗಳು, ಬರೀ ರೇಡಿಯೇಷನ್ ಪಡೆದವರದು 12.1. ಎರಡು ವರ್ಷ ದಾಟಿದವರು ಶೇ. 26.5 ಮತ್ತು ಶೇ. 10.4. ಆಪರೇಷನ್ನಿಗೆ ಬೆಂಗಳೂರಿಗೆ ಹೋಗಿ ಹಣವೆಲ್ಲ ಅಲ್ಲೇ ಕರಗಿಸಿ, ಊರಿಗೆ ಬಂದು ರೇಡಿಯೇಷನ್ನಿಗೆ ಜಾಗ ಹುಡುಕುತ್ತ ಎರಡು ತಿಂಗಳು ಕಳೆದರೆ ಒಳ್ಳೆಯ ಆಪರೇಷನ್ನೂ ದಂಡವಾಗುತ್ತದೆ.

ನಮ್ಮ ಅಭಿಪ್ರಾಯ ಹೀಗಿದೆ. ಮೇಲ್ಮೈಗೆ ಹತ್ತಿರದ, ಮಾತಿನ ಜಾಗದಿಂದ ದೂರದ ಗಡ್ಡೆಯಾದರೆ ಅವಳಿ ನಗರದಲ್ಲೇ ಮಾಡಿಸಿಕೊಳ್ಳುವುದು ಜಾಣತನ. ಹುಬ್ಬಳ್ಳಿ ವಿದ್ಯಾನಗರದ ಕಿಮ್ಸ್ (ಈಗಿನ ಕೆಎಂಸಿಆರ್‌ಐ), ಸತ್ತೂರಿನ ಎಸ್‌ಡಿಎಂ ವೈದ್ಯಕೀಯ ಕಾಲೇಜು, ನವನಗರದ ಕ್ಯಾನ್ಸರ್ ಆಸ್ಪತ್ರೆ ಎಲ್ಲವೂ ಹುಬ್ಬಳ್ಳಿ-ಧಾರವಾಡದ ಒಂದೇ ರಸ್ತೆಯ ಆಸುಪಾಸಿನಲ್ಲಿವೆ. ಚಿಗರಿ ಬಸ್ಸು ಹಿಡಿದರೆ ಒಂದರಿಂದ ಇನ್ನೊಂದಕ್ಕೆ ಓಡಾಡಬಹುದು. ಮಾತಿನ ಜಾಗಕ್ಕೆ ತಾಗಿದ ಗಡ್ಡೆಯಾದರೆ ಎಚ್ಚರದ ಆಪರೇಷನ್ನನ್ನು ನಿಯಮಿತವಾಗಿ ಮಾಡುವ ತಂಡ ಎಲ್ಲಿದೆಯೋ ಅಲ್ಲಿಗೆ ಹೋಗಬೇಕು, ಅದು ಬೆಂಗಳೂರಿನ ನಿಮ್ಹಾನ್ಸ್ ಆದರೂ ಸರಿ. ‘ಇಲ್ಲಿ ಮಾಡ್ತೀರಾ?’ ಎಂದಷ್ಟೇ ಕೇಳಬೇಡಿ. ‘ಕಳೆದ ವರ್ಷ ಇಂಥ ಗಡ್ಡೆ ಎಷ್ಟು ತೆಗೆದಿದ್ದೀರಿ, ಅದರಲ್ಲಿ ಎಚ್ಚರದಲ್ಲಿಟ್ಟು ಮಾಡಿದ್ದೆಷ್ಟು’ ಎಂದು ಕೇಳಿ. ಒಳ್ಳೆಯ ಸರ್ಜನ್ನರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಎಲ್ಲೇ ಮಾಡಿಸಿದರೂ ಆಪರೇಷನ್ನಿಗೆ ಮೊದಲೇ ಊರಿನ ಹತ್ತಿರದ ರೇಡಿಯೇಷನ್ ವಿಭಾಗಕ್ಕೆ ಹೋಗಿ ಹೆಸರು ಬರೆಸಿ ಬನ್ನಿ. ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿ.ಮೀ.; ದಿನವೂ ಓಡಾಡಿ ಮಾಡಿಸಿಕೊಳ್ಳುವವರಿದ್ದಾರೆ. ಹಾವೇರಿ ಇನ್ನೂ ದೂರ. ಹಾನಗಲ್, ಶಿರಹಟ್ಟಿ ಕಡೆಯ ಹಳ್ಳಿಯವರು ನವನಗರದ ಸುತ್ತ ಒಂದು ಕೋಣೆ ನೋಡಿಕೊಳ್ಳುವುದೇ ಒಳಿತು. ರಾಣೆಬೆನ್ನೂರಿನವರಿಗೆ ದಾವಣಗೆರೆಯೇ ಹತ್ತಿರ.

ಹಣದ ವಿಷಯ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದ ಮಿತಿ. ಖಾಸಗಿ ಆಸ್ಪತ್ರೆಯಲ್ಲಿ ಬಳಸಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕು; ಗದಗಿನವರು ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್, ಹಾವೇರಿಯವರು ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ತೋರಿಸಿ ಪತ್ರ ಪಡೆಯಬಹುದು. ಭರ್ತಿಯಾಗಿ ಬಿಲ್ ಏರಿದ ಮೇಲೆ ಕಾರ್ಡ್ ತೋರಿಸಿದರೆ ಹಿಂದಿನ ಖರ್ಚು ಬರುವುದು ಕಷ್ಟ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಆರೋಗ್ಯ ಯೋಜನೆ ನವೀಕರಣವಾಗಿದೆಯೇ ನೋಡಿಕೊಳ್ಳಿ. ಪ್ಯಾಕೇಜಿನಲ್ಲಿ ಏನು ಸೇರಿಲ್ಲ ಎಂದು ಬಾಯಿಬಿಟ್ಟು ಕೇಳಿ: 5-ಎಎಲ್‌ಎ ಪುಡಿ, ಆಪರೇಷನ್ ನಂತರದ ಎಂಆರ್‌ಐ, ಗಡ್ಡೆಯ ಜೀನ್ ಪರೀಕ್ಷೆ. ಕ್ಯಾನ್ಸರ್ ರೋಗಿ ಮತ್ತು ಜೊತೆಗೊಬ್ಬರಿಗೆ ಚಿಕಿತ್ಸೆಯ ಪ್ರಯಾಣಕ್ಕೆ ರೈಲಿನಲ್ಲಿ ರಿಯಾಯಿತಿ ಇದೆ. ಆಸ್ಪತ್ರೆಯ ವೈದ್ಯರು ನಿಗದಿತ ನಮೂನೆಯಲ್ಲಿ ಸಹಿ ಮಾಡಿಕೊಡಬೇಕು. ವಿಮಾನ ಬೇಡ: ತಲೆಯೊಳಗೆ ಉಳಿದ ಗಾಳಿ ಮೇಲೆ ಹೋದಂತೆ ಹಿಗ್ಗುತ್ತದೆ, ಸರ್ಜನ್ ಒಪ್ಪಿಗೆ ಕೊಡುವವರೆಗೆ ಕಾಯಿರಿ.

ಆಪರೇಷನ್ ಮುಗಿದ ಮೇಲಿನ ಮೂರು ದಿನ

ಎಷ್ಟು ಗಡ್ಡೆ ಹೋಯಿತು ಎಂಬುದನ್ನು ಸರ್ಜನ್ನರ ಅಂದಾಜು ಹೇಳಲಾರದು, ಕಾಂಟ್ರಾಸ್ಟ್ ಎಂಆರ್‌ಐ ಹೇಳುತ್ತದೆ. ಅದನ್ನು 72 ಗಂಟೆಯೊಳಗೆ, ಸಾಧ್ಯವಾದರೆ 48 ಗಂಟೆಯೊಳಗೆ ಮಾಡಿಸಬೇಕು. ತಡವಾದರೆ ಗಾಯ ಮಾಯುವ ಅಂಚೇ ಬೆಳ್ಳಗೆ ಕಂಡು ಉಳಿದ ಗಡ್ಡೆ ಯಾವುದು, ಗಾಯ ಯಾವುದು ಎಂದು ತಿಳಿಯುವುದಿಲ್ಲ. ರಕ್ತಸ್ರಾವ ನೋಡಲು ಮಾಡುವ ಸಿಟಿ ಇದರ ಬದಲಿಯಲ್ಲ.

ತೆಗೆದ ಗಡ್ಡೆಯ ವರದಿಯಲ್ಲಿ ‘ಗ್ಲಯೋಬ್ಲಾಸ್ಟೋಮಾ, ಗ್ರೇಡ್ 4’ ಎಂದಷ್ಟೇ ಇದ್ದರೆ ಅಪೂರ್ಣ. ಗಡ್ಡೆಯ ಜೀನ್ ಬದಲಾವಣೆ ತಿಳಿಸುವ ಐಡಿಎಚ್, ಎಟಿಆರ್‌ಎಕ್ಸ್ ಮತ್ತು ಎಂಜಿಎಂಟಿ, ಜೀವಕೋಶ ಎಷ್ಟು ವೇಗವಾಗಿ ಹೆಚ್ಚುತ್ತಿವೆ ಎಂದು ತಿಳಿಸುವ ಕೆಐ-67 ಪರೀಕ್ಷೆಗಳು ಬೇಕು. 55 ದಾಟದವರಲ್ಲಿ ಐಡಿಎಚ್‌ನ ಮಾಮೂಲಿ ಬಣ್ಣದ ಪರೀಕ್ಷೆ ನೆಗೆಟಿವ್ ಬಂದರೆ ಜೀನ್ ಪರೀಕ್ಷೆಯಿಂದ ಖಚಿತಪಡಿಸಬೇಕು; ಐಡಿಎಚ್ ಬದಲಾಗಿರುವ ಗಡ್ಡೆಯವರ ಮುನ್ನೋಟ ಗಮನಾರ್ಹವಾಗಿ ಒಳ್ಳೆಯದು. ಎಂಜಿಎಂಟಿ ಮೀಥೈಲೇಟ್ ಆಗಿದ್ದರೆ (ಆ ಜೀನ್ ಕೆಲಸ ನಿಲ್ಲಿಸಿದ್ದರೆ) ಟೆಮೊಜೊಲೊಮೈಡ್ ಹೆಚ್ಚು ನಾಟುತ್ತದೆ. ಡಿಸ್ಚಾರ್ಜ್ ದಿನ ಪ್ಯಾರಾಫಿನ್ ಬ್ಲಾಕ್ (ಗಡ್ಡೆಯ ಚೂರನ್ನು ಕೂರಿಸಿಟ್ಟ ಮೇಣದ ತುಂಡು) ಮತ್ತು ಗಾಜಿನ ಸ್ಲೈಡ್ ಕೇಳಿ ಪಡೆಯಿರಿ. ಬ್ಲಾಕನ್ನು ಬಿಸಿಲಿಗೆ ಇಡಬೇಡಿ, ಮೇಣ ಕರಗುತ್ತದೆ.

ಮನೆಗೆ ಬಂದ ಮೇಲೆ ಕೂಡಲೇ ವಾಪಸು ಹೋಗಬೇಕಾದ ಲಕ್ಷಣಗಳು: ಗಾಯದಿಂದ ನೀರಿನಂಥ ದ್ರವ, ಜ್ವರ, ಹೆಚ್ಚುತ್ತಿರುವ ಮಂಪರು, ಒಂದೇ ಕಾಲಿನ ಮೀನಖಂಡ ಬಾತು ನೋಯುವುದು, ಏಕಾಏಕಿ ಏದುಸಿರು. ಕೊನೆಯ ಎರಡು ಲಕ್ಷಣಗಳು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ (ಏದುಸಿರಾದರೆ, ಅದು ಶ್ವಾಸಕೋಶಕ್ಕೆ ಹೋದ) ಗುರುತು. ಈ ರೋಗದಲ್ಲಿ ಅದು ಸಾಮಾನ್ಯ, ಬೇಗ ಎಬ್ಬಿಸಿ ನಡೆಸುವುದೇ ಮುಖ್ಯ ತಡೆ. ‘ತಲೆ ಆಪರೇಷನ್ ಆಗಿದೆ, ತಿಂಗಳು ಅಲುಗಾಡಬಾರದು’ ಎಂಬ ನೆಂಟರ ಮಾತಿಗೆ ಕಿವಿಗೊಡಬೇಡಿ.

70 ದಾಟಿದವರಲ್ಲೂ ಓಡಾಡಿಕೊಂಡಿರುವವರಿಗೆ ಗಡ್ಡೆ ತೆಗೆಯುವುದು ಸಲ್ಲುತ್ತದೆ. ಅವರಿಗೆ ರೇಡಿಯೇಷನ್ ಮಾತ್ರ ಮೂರು ವಾರಕ್ಕೆ ಇಳಿಸಬಹುದು, 15 ಸಲಕ್ಕೆ 40 ಗ್ರೇ.

ಮರಳಿ ಬಂದಾಗ

ಬಹುತೇಕ ಸಲ ಅದೇ ಜಾಗದ ಪಕ್ಕದಲ್ಲೇ ಬರುತ್ತದೆ. ಆದರೆ ರೇಡಿಯೇಷನ್ ಮುಗಿದ ಮೊದಲ ಮೂರು ತಿಂಗಳಲ್ಲಿ ಎಂಆರ್‌ಐ ದೊಡ್ಡದಾಗಿ ತೋರಿಸಿದರೆ ಅದು ಚಿಕಿತ್ಸೆಯ ಊತವೂ ಆಗಿರಬಹುದು. ರೋಗಿ ಚೆನ್ನಾಗಿದ್ದರೆ ಮಾತ್ರೆ ಮುಂದುವರಿಸಿ, ಕೆಲವು ವಾರ ಬಿಟ್ಟು ಪರ್ಫ್ಯೂಷನ್ ಸಹಿತ ಮತ್ತೆ ನೋಡಬೇಕು. ಅವಸರದ ಎರಡನೇ ಆಪರೇಷನ್ ಬೇಡ. ನಿಜಕ್ಕೂ ಮರಳಿದ್ದರೆ, ಗಡ್ಡೆ ಒಂದೇ ಕಡೆ ಇದ್ದು, ಪೂರ್ತಿ ತೆಗೆಯುವಂತಿದ್ದು, ರೋಗಿ ತನ್ನ ಕೆಲಸ ತಾನು ಮಾಡಿಕೊಳ್ಳುತ್ತಿದ್ದರೆ ಎರಡನೇ ಆಪರೇಷನ್ ಯೋಚಿಸಬಹುದು. ರೇಡಿಯೇಷನ್ ಆದ ಚರ್ಮ ನಿಧಾನವಾಗಿ ಮಾಯುತ್ತದೆ, ಗಾಯ ಬಿಚ್ಚಿಕೊಳ್ಳುವ ಮತ್ತು ಸೋಂಕಿನ ಭಯ ಮೊದಲಿಗಿಂತ ಹೆಚ್ಚು. ಹಾಸಿಗೆ ಹಿಡಿದವರಿಗೆ ಅದು ಬೇಡ. ಸ್ಟಿರಾಯ್ಡ್, ಫಿಟ್ಸ್ ಮಾತ್ರೆ ಮತ್ತು ನೋವು ನೋಡಿಕೊಳ್ಳುವ ತಂಡ ಅವರಿಗೆ ಹೆಚ್ಚು ಕೊಡಬಲ್ಲದು.

ಎರಡನೇ ಆಪರೇಷನ್ ಬೇಕೋ ಬೇಡವೋ ಎಂಬುದನ್ನು, ಮೊದಲನೆಯದು ಆಗಿ ಚೇತರಿಸಿಕೊಂಡ ತಿಂಗಳುಗಳಲ್ಲೇ ರೋಗಿಯನ್ನು ಕೂರಿಸಿಕೊಂಡು ಕೇಳಿಟ್ಟುಕೊಳ್ಳಿ. ಗಡ್ಡೆ ಮರಳುವ ಹೊತ್ತಿಗೆ ಮಾತು ಹೋಗಿರಬಹುದು, ವಿಚಾರ ಮಾಡುವ ಶಕ್ತಿ ಕುಗ್ಗಿರಬಹುದು. ಜಮೀನಿನ ಕಾಗದ, ಬೆಳೆಸಾಲ, ಬ್ಯಾಂಕ್ ಖಾತೆಯ ನಾಮಿನಿ ಇವುಗಳಿಗೆ ಸಹಿ ಬೇಕಿದ್ದರೆ ಅದಕ್ಕೂ ಇದೇ ಸಮಯ.